ಎಲ್ಲದಕ್ಕೂ ಕೈ ಎತ್ತುವ ಹುಡುಗ, ಇಳಿದ ಅಂಕ: ಯಾವುದನ್ನು ಬಿಡಿಸಬೇಕು?

ಪ್ರಶ್ನೆ: ನಮ್ಮದು ರಾಣೆಬೆನ್ನೂರು, ಬೀಜ-ಗೊಬ್ಬರದ ಅಂಗಡಿ ಇದೆ. ಮಗ ಏಳನೆಯ ತರಗತಿಯವರೆಗೆ ಊರಲ್ಲೇ ಕನ್ನಡ ಮಾಧ್ಯಮದಲ್ಲಿ ಓದಿದ. ಎಂಟಕ್ಕೆ ಮೈಸೂರು ಕಡೆಯ ಒಂದು ಬಾಲಕರ ವಸತಿ ಶಾಲೆಗೆ ಸೇರಿಸಿದೆವು. ಅಲ್ಲಿ ರಾಜ್ಯ ಪಠ್ಯಕ್ರಮ, ಇಂಗ್ಲಿಷ್ ಮಾಧ್ಯಮ. ಈಗ ಒಂಬತ್ತನೆಯ ತರಗತಿ. ಎನ್‌ಸಿಸಿ, ಖೊಖೊ, ವಾರ್ಷಿಕೋತ್ಸವದ ನಾಟಕ, ಕ್ವಿಜ್, ಗೋಡೆ ಪತ್ರಿಕೆ ಎಲ್ಲದರಲ್ಲೂ ಇದ್ದಾನೆ. ಕಳೆದ ವರ್ಷ ಶೇ 82 ಬಂದಿತ್ತು, ಈ ಅರ್ಧವಾರ್ಷಿಕದಲ್ಲಿ 61ಕ್ಕೆ ಇಳಿದಿದೆ. ಪೆಟ್ಟು ಬಿದ್ದಿರುವುದು ಗಣಿತ ಮತ್ತು ವಿಜ್ಞಾನದಲ್ಲಿ. ದಿನಾ ಎರಡೂವರೆ ತಾಸು ಸ್ಟಡಿ ಅವರ್ ಇರುತ್ತದಂತೆ. ಕೇಳಿದರೆ ‘ಓದತೀನಪ್ಪ, ಪರೀಕ್ಷಾದಾಗ ನೆನಪಾಗಂಗಿಲ್ಲ’ ಅನ್ನುತ್ತಾನೆ. ಇವನ್ನೆಲ್ಲ ಬಿಡಿಸಿ ಬರೀ ಓದಿಗೆ ಹಚ್ಚಲೇ? ಹತ್ತನೆಯ ತರಗತಿಗೆ ಶಾಲೆಯನ್ನೇ ಬದಲಿಸಲೇ?

ಉತ್ತರ: ಎಲ್ಲವನ್ನೂ ಬಿಡಿಸಬೇಡಿ. ಐದರಲ್ಲಿ ಎರಡು ಬಿಟ್ಟರೆ ಸಾಕು, ಆ ಎರಡು ಯಾವುವು ಅನ್ನುವುದನ್ನು ಅವನೇ ಆರಿಸಲಿ. ಅಷ್ಟಾದರೂ ಅಂಕ ತಾನಾಗಿ ಮೇಲೆ ಬರುತ್ತದೆ ಎಂದು ನಾನು ಹೇಳುವುದಿಲ್ಲ. ನಿಮ್ಮ ಪತ್ರದಲ್ಲಿ ನೀವು ಒತ್ತಿ ಬರೆದದ್ದು ಖೊಖೊ, ನಾಟಕದ ವಿಷಯ. ನನಗೆ ಮುಖ್ಯವಾಗಿ ಕಂಡದ್ದು ನೀವು ಹಾಗೇ ದಾಟಿಸಿಬಿಟ್ಟ ಎರಡು ಮಾತು: ಅವನು ಕನ್ನಡ ಮಾಧ್ಯಮದಿಂದ ಬಂದವನು, ಮತ್ತು ‘ಓದಿದ್ದು ನೆನಪಾಗುವುದಿಲ್ಲ’. ಬಾಲಕರ ಪ್ರೌಢಶಾಲೆಯಲ್ಲಿ ಪಾಠ ಹೇಳಿ, ಹಾಸ್ಟೆಲ್ ವಾರ್ಡನ್ನನಾಗಿಯೂ ಇದ್ದ ಅನುಭವದಿಂದ ಹೇಳುವುದಾದರೆ, ಆಟ ಬಿಡಿಸಿದ ಹುಡುಗ ಆ ಹೊತ್ತಿನಲ್ಲಿ ಓದುವುದು ಅಪರೂಪ. ಹೆಚ್ಚಾಗಿ ಅವನು ಡಾರ್ಮಿಟರಿಯ ಕಿಟಕಿಯಲ್ಲಿ ನಿಂತು ಉಳಿದವರು ಆಡುವುದನ್ನು ನೋಡುತ್ತಿರುತ್ತಾನೆ.

ಮೊದಲು ಮಾಧ್ಯಮದ ವಿಚಾರ. ಎಂಟರಲ್ಲಿ ಅಷ್ಟು ಅಂಕ ಬಂತಲ್ಲ ಎಂದು ನೀವು ಕೇಳಬಹುದು. ಎಂಟನೆಯ ತರಗತಿಯಲ್ಲಿ ನೋಟ್ಸು ಬಾಯಿಪಾಠ ಮಾಡಿ ಬರೆದರೂ ದಾಟಿಬಿಡಬಹುದು. ಒಂಬತ್ತರ ವಿಜ್ಞಾನದಲ್ಲಿ ಚಲನೆ, ಬಲ, ಗುರುತ್ವ, ಪರಮಾಣು-ಅಣು ಎಲ್ಲ ಒಟ್ಟಿಗೇ ಎದುರಾಗುತ್ತವೆ. ಅಲ್ಲಿ ವಾಕ್ಯ ಬಾಯಿಗೆ ಬಂದರೆ ಸಾಲದು, ಲೆಕ್ಕ ಬಿಡಿಸಬೇಕು, ಕಾರಣ ಕೊಡಬೇಕು. ಭಾಷೆಯೇ ಇನ್ನೂ ಕೈವಶವಾಗದ ಹುಡುಗ ಇಲ್ಲಿ ಮುಗ್ಗರಿಸುತ್ತಾನೆ. ಪರೀಕ್ಷಿಸುವುದು ಸುಲಭ. ಮುಂದಿನ ಸಲ ಫೋನಿನಲ್ಲಿ ಸಿಕ್ಕಾಗ ಒಂದು ಪಾಠವನ್ನು ನಿಮಗೆ ಕನ್ನಡದಲ್ಲಿ ಹೇಳಲು ಕೇಳಿ. ‘ಬಸ್ಸು ಬ್ರೇಕ್ ಹಾಕಿದರೆ ನಾವ್ಯಾಕೆ ಮುಂದಕ್ಕೆ ಬೀಳತೀವಿ?’ ಅನ್ನುವಷ್ಟೇ ಸಾಕು. ಕನ್ನಡದಲ್ಲಿ ಚೆನ್ನಾಗಿ ವಿವರಿಸಿದ, ಉತ್ತರಪತ್ರಿಕೆಯಲ್ಲಿ ಮಾತ್ರ ಅರ್ಧ ಸಾಲು ಬರೆದಿದ್ದಾನೆ ಅಂತಾದರೆ ಅವನಿಗೆ ವಿಜ್ಞಾನ ಬರುತ್ತದೆ, ಇಂಗ್ಲಿಷಿನಲ್ಲಿ ಬರೆಯುವುದು ಬರುವುದಿಲ್ಲ. ಕನ್ನಡದಲ್ಲೂ ತಡವರಿಸಿದರೆ ಪಾಠವೇ ತಲೆಗೆ ಹೋಗಿಲ್ಲ. ಎರಡಕ್ಕೂ ಮದ್ದು ಬೇರೆ ಬೇರೆ, ಖೊಖೊ ಬಿಡಿಸುವುದು ಎರಡಕ್ಕೂ ಮದ್ದಲ್ಲ.

ಮೊದಲನೆಯದಾದರೆ ಹೀಗೆ ಮಾಡಿ. ಕರ್ನಾಟಕ ಪಠ್ಯಪುಸ್ತಕ ಸಂಘದ ಜಾಲತಾಣದಲ್ಲಿ ಒಂಬತ್ತನೆಯ ತರಗತಿಯ ಪುಸ್ತಕಗಳು ಎರಡೂ ಮಾಧ್ಯಮಗಳಲ್ಲಿ ಉಚಿತವಾಗಿ ಸಿಗುತ್ತವೆ. ಕನ್ನಡ ಮಾಧ್ಯಮದ ವಿಜ್ಞಾನ, ಗಣಿತ ಇಳಿಸಿಕೊಂಡು, ಪ್ರಿಂಟ್ ತೆಗೆಸಿ, ಬೈಂಡ್ ಮಾಡಿಸಿ ಕಳಿಸಿ. ಪಾಠಗಳು ಅವೇ, ಚಿತ್ರಗಳು ಅವೇ. ಹೊಸ ಪಾಠ ಶುರುವಾದಾಗ ಮೊದಲು ಕನ್ನಡದಲ್ಲಿ ಒಂದು ಸಲ ಓದಲಿ, ಆಮೇಲೆ ಇಂಗ್ಲಿಷಿನಲ್ಲಿ. ಉತ್ತರವನ್ನು ಮಾತ್ರ ಇಂಗ್ಲಿಷಿನಲ್ಲೇ ಬರೆದು ರೂಢಿ ಮಾಡಲಿ. ಕನ್ನಡ ಪುಸ್ತಕ ನೋಡಿದರೆ ಇಂಗ್ಲಿಷ್ ಸುಧಾರಿಸುವುದಿಲ್ಲ ಎಂದು ಕೆಲವು ಶಿಕ್ಷಕರು ಗದರುವುದುಂಟು. ತಲೆ ಕೆಡಿಸಿಕೊಳ್ಳಬೇಡಿ. ಅರ್ಥವಾದ ಸಂಗತಿಗೆ ಇಂಗ್ಲಿಷ್ ಪದ ಹುಡುಕುವುದು ಸುಲಭ. ಅರ್ಥವಾಗದ್ದನ್ನು ಇಂಗ್ಲಿಷಿನಲ್ಲಿ ಗಟ್ಟು ಹೊಡೆದರೆ ಯೂನಿಟ್ ಟೆಸ್ಟಿನವರೆಗೂ ಉಳಿಯುವುದಿಲ್ಲ.

ಇನ್ನು ‘ನೆನಪಾಗಂಗಿಲ್ಲ’. ಸ್ಟಡಿ ಅವರಿನಲ್ಲಿ ಎರಡೂವರೆ ತಾಸು ಅವನು ಏನು ಮಾಡುತ್ತಾನೆ ಎಂದು ವಿವರವಾಗಿ ಕೇಳಿದ್ದೀರಾ? ಬಹುಪಾಲು ಹುಡುಗರು ಮಾಡುವುದು ಒಂದೇ: ಪಾಠವನ್ನು ಮೊದಲಿಂದ ಓದುತ್ತಾರೆ, ಸಾಲುಗಳ ಕೆಳಗೆ ಗೆರೆ ಎಳೆಯುತ್ತಾರೆ, ಮತ್ತೆ ಓದುತ್ತಾರೆ. ಎರಡನೆಯ ಸಲ ಓದುವಾಗ ಎಲ್ಲ ಪರಿಚಿತ ಅನಿಸುತ್ತದೆ. ಪರಿಚಿತ ಅನಿಸಿದ್ದನ್ನೇ ‘ನನಗೆ ಬರುತ್ತದೆ’ ಎಂದು ತಿಳಿಯುತ್ತಾರೆ. ನಿಮ್ಮ ಅಂಗಡಿಯಲ್ಲಿ ದಾಸ್ತಾನು ಎಣಿಸದೆ, ರ‍್ಯಾಕಿನಲ್ಲಿ ಚೀಲ ಕಾಣುತ್ತಿದೆಯಲ್ಲ ಎಂದು ಗಿರಾಕಿಗೆ ಮಾತು ಕೊಟ್ಟ ಹಾಗೆ ಇದು.

ಇದು ನನ್ನೊಬ್ಬನ ಅನಿಸಿಕೆಯಲ್ಲ. 2006ರಲ್ಲಿ ಅಮೆರಿಕದ ರೋಡಿಗರ್ ಮತ್ತು ಕಾರ್ಪಿಕೆ ಎಂಬ ಇಬ್ಬರು ಮನೋವಿಜ್ಞಾನಿಗಳು ಕಾಲೇಜು ವಿದ್ಯಾರ್ಥಿಗಳ ಮೇಲೆ ಒಂದು ಪ್ರಯೋಗ ಮಾಡಿದರು. ಒಂದು ಗುಂಪು ಒಂದು ಗದ್ಯಭಾಗವನ್ನು ನಾಲ್ಕು ಅವಧಿಯೂ ಓದಿತು. ಇನ್ನೊಂದು ಗುಂಪು ಒಂದೇ ಅವಧಿ ಓದಿ, ಉಳಿದ ಮೂರು ಅವಧಿಯಲ್ಲಿ ಹಾಳೆ ಮುಚ್ಚಿ ನೆನಪಾದದ್ದನ್ನು ಬರೆಯಿತು. ಐದು ನಿಮಿಷದ ನಂತರ ಕೇಳಿದಾಗ ಓದಿದ ಗುಂಪೇ ಮುಂದಿತ್ತು, ಶೇ 83ಕ್ಕೆ ಎದುರು ಶೇ 71. ಒಂದು ವಾರದ ನಂತರ ಕೇಳಿದಾಗ ಓದಿದವರಲ್ಲಿ ಉಳಿದದ್ದು ಶೇ 40, ಬರೆದವರಲ್ಲಿ ಶೇ 61. ತಮಾಷೆಯೆಂದರೆ, ತಮಗೆ ಚೆನ್ನಾಗಿ ನೆನಪಿರುತ್ತದೆ ಎಂದು ಹೆಚ್ಚು ನಂಬಿದ್ದವರು ಓದುತ್ತಲೇ ಇದ್ದವರು. ನಿಮ್ಮ ಮಗ ಸುಳ್ಳು ಹೇಳುತ್ತಿಲ್ಲ ಅನ್ನುವುದಕ್ಕೆ ಇಷ್ಟು ಸಾಕು. ಅವನು ಓದುತ್ತಾನೆ, ಓದಿದ ಮರುಕ್ಷಣ ನೆನಪೂ ಇರುತ್ತದೆ, ವಾರ ಕಳೆದ ಮೇಲೆ ಇರುವುದಿಲ್ಲ.

ಹಾಗಾಗಿ ಸ್ಟಡಿ ಅವರಿನ ಕ್ರಮ ಬದಲಾಗಬೇಕು. ಕುಳಿತ ತಕ್ಷಣ ಪುಸ್ತಕ ತೆರೆಯುವುದಲ್ಲ, ರಫ್ ನೋಟ್‌ಬುಕ್ ತೆರೆಯಬೇಕು. ಆ ದಿನ ವಿಜ್ಞಾನದ ಪಿರಿಯಡ್ಡಿನಲ್ಲಿ ಏನಾಯಿತು, ಗಣಿತದಲ್ಲಿ ಯಾವ ಲೆಕ್ಕ ಮಾಡಿಸಿದರು ಎಂದು ನೆನಪಿನಿಂದಲೇ ಹತ್ತು ನಿಮಿಷ ಬರೆಯಬೇಕು. ಖಾಲಿ ಬಿದ್ದ ಜಾಗಗಳನ್ನು ಆಮೇಲೆ ಪುಸ್ತಕ ನೋಡಿ ಬೇರೆ ಬಣ್ಣದ ಪೆನ್ನಿನಲ್ಲಿ ತುಂಬಬೇಕು. ಆ ಬೇರೆ ಬಣ್ಣದ್ದಷ್ಟೇ ಅವನು ಓದಬೇಕಾದದ್ದು. ಎರಡು ದಿನ ಬಿಟ್ಟು ಅದೇ ಪಾಠವನ್ನು ಮತ್ತೊಮ್ಮೆ ಮುಚ್ಚಿ ಬರೆಯಲಿ, ಮುಂದಿನ ವಾರ ಇನ್ನೊಮ್ಮೆ. ಮೊದಮೊದಲು ಕಷ್ಟವಾಗುತ್ತದೆ, ‘ಏನೂ ಬರ್ತಿಲ್ಲ’ ಎಂದು ಬೇಸರವಾಗುತ್ತದೆ. ನೆನಪಿಗೆ ತಂದುಕೊಳ್ಳಲು ಪಡುವ ಆ ಕಷ್ಟದಲ್ಲೇ ಪಾಠ ಗಟ್ಟಿಯಾಗುತ್ತದೆ.

ಗಣಿತಕ್ಕೆ ಸ್ವಲ್ಪ ಬೇರೆ ಥರ. ಒಂದು ಅಭ್ಯಾಸದ ಲೆಕ್ಕಗಳನ್ನು ಸಾಲಾಗಿ ಮಾಡಿದರೆ ಮೂರನೆಯದರಿಂದ ಕೈ ತಾನೇ ಓಡುತ್ತದೆ, ಯೋಚನೆ ನಿಲ್ಲುತ್ತದೆ. ಹೆರಾನನ ಸೂತ್ರದ (ಮೂರು ಬಾಹುಗಳಿಂದ ತ್ರಿಭುಜದ ವಿಸ್ತೀರ್ಣ ಕಂಡುಹಿಡಿಯುವುದು) ಪಾಠದಲ್ಲಿ ಎಲ್ಲ ಲೆಕ್ಕಕ್ಕೂ ಹೆರಾನನ ಸೂತ್ರವೇ ಎಂದು ಮಕ್ಕಳಿಗೆ ಮೊದಲೇ ಗೊತ್ತು. ಪರೀಕ್ಷೆಯಲ್ಲಿ ಯಾವ ಸೂತ್ರ ಎಂದು ಯಾರೂ ಹೇಳುವುದಿಲ್ಲ, ಅಲ್ಲೇ ಎಡವುತ್ತಾರೆ. ಆದ್ದರಿಂದ ದಿನಕ್ಕೆ ಐದು ಲೆಕ್ಕ ಸಾಕು, ಆದರೆ ಐದೂ ಬೇರೆ ಬೇರೆ ಪಾಠದ್ದಿರಲಿ: ಬಹುಪದೋಕ್ತಿ ಒಂದು, ತ್ರಿಭುಜ ಒಂದು, ಹಳೆಯ ಸಂಖ್ಯಾಪದ್ಧತಿಯದ್ದು ಒಂದು, ಹೀಗೆ. ತಪ್ಪಾದ ಲೆಕ್ಕಗಳಿಗೆ ಒಂದು ಪ್ರತ್ಯೇಕ ಪುಸ್ತಕ ಇಡಲಿ. ಅರ್ಧವಾರ್ಷಿಕದ ಗಣಿತದ ಉತ್ತರಪತ್ರಿಕೆಯಲ್ಲಿ ತಪ್ಪಿದವೇ ಆ ಪುಸ್ತಕದ ಮೊದಲ ಪುಟಗಳಾಗಲಿ.

ಒಂದು ಸಣ್ಣ ಅಡ್ಡಿ ಇದೆ, ಹೊರಗಿನವರಿಗೆ ಹೊಳೆಯುವಂಥದ್ದಲ್ಲ. ಹಾಸ್ಟೆಲಿನ ಸ್ಟಡಿ ಹಾಲಿನಲ್ಲಿ ಮುಖದ ಮುಂದೆ ಪುಸ್ತಕ ತೆರೆದಿದ್ದರೆ ಹುಡುಗ ಓದುತ್ತಿದ್ದಾನೆ ಎಂದು ಲೆಕ್ಕ. ಪುಸ್ತಕ ಮುಚ್ಚಿ ಸೂರು ನೋಡುತ್ತಾ ನೆನಪಿಸಿಕೊಳ್ಳುವವನಿಗೆ ‘ಏನೋ, ಕನಸು ಕಾಣ್ತಿದೀಯಾ?’ ಎಂದು ಬೈಗುಳ. ಪುಟ ತಿರುವುತ್ತಾ ತೂಕಡಿಸುವವನಿಗೆ ಯಾರೂ ಏನೂ ಅನ್ನುವುದಿಲ್ಲ. ಆದ್ದರಿಂದ ನೀವೇ ವಾರ್ಡನ್ನರಿಗೆ ಫೋನ್ ಮಾಡಿ, ‘ಸರ್, ಅವನು ಪುಸ್ತಕ ಮುಚ್ಚಿಟ್ಟು ಬರೆಯುವ ಅಭ್ಯಾಸ ಮಾಡುತ್ತಿದ್ದಾನೆ, ರಫ್ ನೋಟ್‌ಬುಕ್ ನೋಡಿ’ ಎಂದು ಒಂದು ಮಾತು ಹಾಕಿಡಿ. ಬಹಳಷ್ಟು ವಾರ್ಡನ್ನರು ಖುಷಿಯಿಂದಲೇ ಒಪ್ಪುತ್ತಾರೆ, ಅವರಿಗೂ ತೋರಿಸಲು ಏನಾದರೂ ಸಿಕ್ಕಿತಲ್ಲ.

ಈಗ ಬಾಲಕರ ಶಾಲೆಯ ಒಳಗಿನ ಮಾತು. ಹುಡುಗರೇ ತುಂಬಿದ ಕಡೆ ಓದುವುದು ಅಷ್ಟು ಮರ್ಯಾದೆಯ ಕೆಲಸವಲ್ಲ. ಬಯಲುಸೀಮೆಯಾಗಲಿ ಮಲೆನಾಡಾಗಲಿ, ಪರೀಕ್ಷೆಯ ದಿನ ಬೆಳಿಗ್ಗೆ ಮೆಸ್ಸಿನಲ್ಲಿ ಕೇಳುವ ಮಾತು ಒಂದೇ: ‘ನಾನೇನೂ ಓದಿಲ್ಲ ಮಗಾ.’ ರಾತ್ರಿಯೆಲ್ಲ ಓದಿದವನೂ ಹಾಗೇ ಹೇಳುತ್ತಾನೆ. ಓದದೆ ಅಂಕ ತೆಗೆದವನು ಹೀರೋ, ಓದಿ ಅಂಕ ತೆಗೆದವನು ‘ಕುಡುಮಿ’. ಈ ಹೆಸರು ಒಮ್ಮೆ ಅಂಟಿತೆಂದರೆ ಹತ್ತು ಮುಗಿಯುವವರೆಗೂ ಬಿಡುವುದಿಲ್ಲ. 2024ರ ಎಸ್ಸೆಸ್ಸೆಲ್ಸಿ ಮೊದಲ ಪರೀಕ್ಷೆಯಲ್ಲಿ ಹುಡುಗಿಯರಲ್ಲಿ ಶೇ 81.11 ಮಂದಿ ಪಾಸಾದರೆ ಹುಡುಗರಲ್ಲಿ ಶೇ 65.90. ಈ ಅಂತರಕ್ಕೆ ಕಾರಣ ಹಲವು, ಆದರೆ ಶ್ರಮವನ್ನು ಬಚ್ಚಿಡುವ ಈ ಚಾಳಿಯೂ ಅದರಲ್ಲೊಂದು ಎಂದು ನನ್ನ ನಂಬಿಕೆ. ಬಚ್ಚಿಟ್ಟು ಓದುವವನು ಸಂಶಯ ಬಂದರೆ ಕೇಳುವುದಿಲ್ಲ, ಕೇಳಿದರೆ ಓದುತ್ತಿದ್ದಾನೆಂದು ಗೊತ್ತಾಗಿಬಿಡುತ್ತದಲ್ಲ.

ಇಂಥಲ್ಲಿ ಖೊಖೊ, ಎನ್‌ಸಿಸಿ ಏನು ಮಾಡುತ್ತವೆ? ಹುಡುಗನಿಗೆ ಒಂದು ಜಾಗ ಕೊಡುತ್ತವೆ. ರಾಣೆಬೆನ್ನೂರಿನಿಂದ ಬಂದು, ‘ಹೌದ್ರಿ’, ‘ಅಲ್ರಿ’ ಅನ್ನುತ್ತಾ ಮೈಸೂರಿನ ಹುಡುಗರ ನಡುವೆ ನಿಂತವನಿಗೆ ಎಂಟನೆಯ ತರಗತಿಯಲ್ಲಿ ಎಷ್ಟು ಅಣಕ ಸಿಕ್ಕಿರಬಹುದು, ಯೋಚಿಸಿ. ಅವನನ್ನು ‘ನಮ್ಮವನು’ ಮಾಡಿದ್ದು ಬಹುಶಃ ಆಟದ ಅಂಕಣ. ಹಳೆಯ ಬಾಲಕರ ಶಾಲೆಗಳು ಇದನ್ನು ಅರಿತೇ ಹುಡುಗರನ್ನು ತಂಡಗಳಾಗಿ ಹಂಚುವ ಹೌಸ್ ಪದ್ಧತಿ ಇಟ್ಟುಕೊಂಡವು. 1963ರಲ್ಲಿ ಆರಂಭವಾಗಿ ದಶಕಗಟ್ಟಲೆ ಬರೀ ಬಾಲಕರದಾಗಿದ್ದ ವಿಜಯಪುರದ ಸೈನಿಕ ಶಾಲೆಯಲ್ಲಿ ಹೌಸುಗಳಿಗೆ ಹೊಯ್ಸಳ, ಚಾಲುಕ್ಯ, ರಾಷ್ಟ್ರಕೂಟ, ವಿಜಯನಗರ, ಆದಿಲ್‌ಶಾಹಿ, ಒಡೆಯರ್ ಎಂದು ಹೆಸರು. ಬೀದರದವನೂ ಕೊಡಗಿನವನೂ ಅಲ್ಲಿ ಮೊದಲು ‘ಹೊಯ್ಸಳ’ ಆಗುತ್ತಾನೆ, ಊರು ಜಾತಿ ಆಮೇಲೆ. ಸೇರಿದ ಜಾಗದಲ್ಲಿ ತನಗೊಂದು ನೆಲೆ ಇದೆ ಅನಿಸಿದ ಹುಡುಗ ತರಗತಿಯಲ್ಲಿ ಕೈ ಎತ್ತಿ ಸಂಶಯ ಕೇಳಲೂ ಹೆದರುವುದಿಲ್ಲ. ನೀವು ಎಲ್ಲ ಬಿಡಿಸಿದರೆ ಕಿತ್ತುಕೊಳ್ಳುವುದು ಆ ನೆಲೆಯನ್ನು.

ಹಾಗೆಂದು ಐದೂ ಇರಲಿ ಎನ್ನುತ್ತಿಲ್ಲ. ಐದಕ್ಕೆ ಕೈ ಹಾಕಿದ ಹುಡುಗ ಐದರಲ್ಲೂ ನೆಂಟನಾಗಿರುತ್ತಾನೆ. ನಾನು ಹುಡುಗರಿಗೆ ಕೇಳುತ್ತಿದ್ದ ಪ್ರಶ್ನೆ ಇದು: ನಾಳೆ ನೀನು ಹೋಗದಿದ್ದರೆ ಯಾರ ಕೆಲಸ ನಿಲ್ಲುತ್ತದೆ? ಖೊಖೊದಲ್ಲಿ ಎಂಟು ಮಂದಿ ಚೌಕದಲ್ಲಿ ಕೂತು ಒಬ್ಬ ಅಟ್ಟಿಸಿಕೊಂಡು ಹೋಗುವುದು, ಒಂದು ಚೌಕ ಖಾಲಿಯಾದರೂ ಆಟ ಕೆಡುತ್ತದೆ. ಎನ್‌ಸಿಸಿಯ ಜೂನಿಯರ್ ಡಿವಿಷನ್ ಎರಡು ವರ್ಷದ್ದು, ‘ಎ’ ಸರ್ಟಿಫಿಕೇಟ್ ಪರೀಕ್ಷೆಗೆ ಹಾಜರಿ, ಕ್ಯಾಂಪು ಎರಡೂ ಬೇಕು. ಎಂಟರಲ್ಲೇ ಸೇರಿದ್ದರೆ ಈ ವರ್ಷಕ್ಕೆ ಮುಗಿಯುತ್ತದೆ, ನಡುವೆ ಬಿಟ್ಟರೆ ಮಾಡಿದ್ದೂ ಕೈಬಿಟ್ಟುಹೋಗುತ್ತದೆ. (‘ಎ’ ಸರ್ಟಿಫಿಕೇಟಿನಿಂದ ಮುಂದೆ ಸೀಟು ಸಿಕ್ಕಿಬಿಡುತ್ತದೆ ಎಂಬ ಆಸೆ ಮಾತ್ರ ಬೇಡ.) ನಾಟಕಕ್ಕೆ ಮಾತು ಕೊಟ್ಟಾಗಿದೆ, ಪಾತ್ರ ಹಂಚಿಕೆ ಮುಗಿದ ಮೇಲೆ ಹಿಂದೆ ಸರಿಯುವುದು ಒಳ್ಳೆಯದಲ್ಲ, ವಾರ್ಷಿಕೋತ್ಸವ ಆದ ಕೂಡಲೇ ಅದೇ ಮುಗಿಯುತ್ತದೆ. ಉಳಿದದ್ದು ಕ್ವಿಜ್, ಗೋಡೆ ಪತ್ರಿಕೆ. ನನ್ನ ಓಟು ಈ ಎರಡನ್ನು ಬಿಡುವುದಕ್ಕೆ. ಆದರೆ ಅವನು ಗೋಡೆ ಪತ್ರಿಕೆಗೆ ಮನಸ್ಸಿಟ್ಟು ಬರೆಯುವವನಾಗಿದ್ದು ಖೊಖೊದಲ್ಲಿ ಬರೀ ಎಕ್ಸ್‌ಟ್ರಾ ಆಟಗಾರನಾಗಿದ್ದರೆ ಲೆಕ್ಕ ತಿರುಗುಮುರುಗು. ಅದು ಅವನಿಗೆ ಗೊತ್ತು, ನಮಗಲ್ಲ. ಆರಿಸಿದ ಮೇಲೆ ಆಯಾ ಶಿಕ್ಷಕರಿಗೆ ಹೋಗಿ ‘ಸರ್, ಈ ವರ್ಷ ಆಗಲ್ಲ’ ಎಂದು ಹೇಳುವುದೂ ಅವನದೇ ಕೆಲಸ. ನೀವು ಹೆಡ್‌ಮಾಸ್ಟರಿಗೆ ಫೋನ್ ಮಾಡಿ ಬಿಡಿಸಿದರೆ ಅವನು ‘ಅಪ್ಪ ಬಿಡಿಸಿದ ಹುಡುಗ’ ಆಗುತ್ತಾನೆ.

‘ಕುಡುಮಿ’ ಭಯಕ್ಕೂ ಉಪಾಯ ಇಲ್ಲೇ ಇದೆ. ಒಬ್ಬನೇ ಓದುವವನನ್ನು ಅಣಕಿಸುತ್ತಾರೆ, ಮೂವರು ಒಟ್ಟಿಗೆ ಓದಿದರೆ ಅದು ಗ್ಯಾಂಗು. ಖೊಖೊ ತಂಡದ ಇಬ್ಬರನ್ನೇ ಜೊತೆ ಮಾಡಿಕೊಂಡು ಭಾನುವಾರ ಒಂದು ತಾಸು ಒಬ್ಬರಿಗೊಬ್ಬರು ಪ್ರಶ್ನೆ ಕೇಳಿಕೊಳ್ಳಲಿ. ಗಣಿತ ಬಲ್ಲವನೊಬ್ಬ ಅದರಲ್ಲಿರಲಿ. ಇವನಿಗೆ ಸಮಾಜ ವಿಜ್ಞಾನ ಚೆನ್ನಾಗಿದ್ದರೆ ಇವನು ಅದನ್ನು ಹೇಳಿಕೊಡಲಿ. ಹೇಳಿಕೊಡುವಾಗ ಎಲ್ಲಿ ತನಗೇ ಗೊತ್ತಿಲ್ಲ ಎಂಬುದು ಹೊರಬೀಳುತ್ತದೆ.

ನಿದ್ದೆಯ ಬಗ್ಗೆ ಚುಟುಕಾಗಿ. 13ರಿಂದ 18 ವಯಸ್ಸಿನವರಿಗೆ ದಿನಕ್ಕೆ 8ರಿಂದ 10 ತಾಸು ನಿದ್ದೆ ಬೇಕೆನ್ನುತ್ತದೆ ವೈದ್ಯಶಾಸ್ತ್ರ. ಬೆಳಗಿನ ಐದಕ್ಕೇ ಗಂಟೆ ಹೊಡೆಯುವ ಹಾಸ್ಟೆಲಿನಲ್ಲಿ ರಾತ್ರಿ ಹನ್ನೊಂದರವರೆಗೆ ಓದಿದರೆ ಆರು ತಾಸು ಉಳಿಯುತ್ತದೆ. ದೀಪ ಆರಿಸಿದ ಮೇಲೆ ಹೊದಿಕೆಯೊಳಗೆ ಟಾರ್ಚು ಹಿಡಿದು ಓದುವುದು ಬೇಡ ಎಂದು ಖಂಡಿತವಾಗಿ ಹೇಳಿ. ಕಣ್ಣು ಪರೀಕ್ಷೆ ಮಾಡಿಸಿ ವರ್ಷವಾಗಿದ್ದರೆ ಮುಂದಿನ ರಜೆಗೆ ಬಂದಾಗ ಮಾಡಿಸಿ. ಬೋರ್ಡು ಸರಿಯಾಗಿ ಕಾಣದೆ ಗಣಿತ ಕೆಟ್ಟ ಹುಡುಗರು ಎಷ್ಟೋ ಮಂದಿ, ಕನ್ನಡಕ ಹಾಕಿದರೆ ಅಣಕಿಸುತ್ತಾರೆಂದು ಬಾಯಿ ಬಿಡುವುದಿಲ್ಲ.

ಇದರ ಜೊತೆಗೆ ನೀವು ಕೇಳದ ಒಂದು ಸಂಗತಿಯನ್ನೂ ಹೇಳಬೇಕು. ಚೆನ್ನಾಗಿ ಓದುತ್ತಿದ್ದವನ ಅಂಕ ಒಂದೇ ಸಲ ಇಪ್ಪತ್ತು ಇಳಿದರೆ, ಅವನು ನೆಮ್ಮದಿಯಾಗಿದ್ದಾನಾ ಎಂದು ತಿಳಿಯಬೇಕು. ಹುಡುಗರು ಫೋನಿನಲ್ಲಿ ‘ಎಲ್ಲಾ ಆರಾಮ’ ಅನ್ನುತ್ತಾರೆ, ಪಕ್ಕದಲ್ಲಿ ಇನ್ನೂ ಹತ್ತು ಮಂದಿ ಸಾಲಿನಲ್ಲಿ ನಿಂತಿರುತ್ತಾರಲ್ಲ. ಸೀನಿಯರ್‌ಗಳು ಬಟ್ಟೆ ಒಗೆಸುವುದು, ತಿಂಡಿ ಕಿತ್ತುಕೊಳ್ಳುವುದು, ರಾತ್ರಿ ಎಬ್ಬಿಸಿ ಕಾಡುವುದು ‘ಹಾಸ್ಟೆಲಲ್ಲಿ ಇದೆಲ್ಲ ಇದ್ದದ್ದೇ’ ಎಂಬ ಮಾತಿನಡಿ ಮುಚ್ಚಿಹೋಗುತ್ತದೆ. ಭೇಟಿಯ ದಿನ ಅವನನ್ನು ಕ್ಯಾಂಪಸ್ಸಿನ ಹೊರಗೆ ಕರೆದುಕೊಂಡು ಹೋಗಿ, ಊಟ ಮಾಡಿಸಿ, ನೇರವಾಗಿ ಕೇಳಿ. ಮುಖ ನೋಡಿಕೊಂಡು ಕೇಳಿದರೆ ಗಂಡುಹುಡುಗರು ಹೇಳುವುದು ಕಡಿಮೆ, ಪಕ್ಕದಲ್ಲಿ ನಡೆಯುತ್ತಾ ಕೇಳಿದರೆ ಹೇಳುತ್ತಾರೆ. ಕರ್ನಾಟಕ ಶಿಕ್ಷಣ ಕಾಯ್ದೆಯಲ್ಲಿ ರ‍್ಯಾಗಿಂಗ್ ನಿಷಿದ್ಧ. ಲೈಂಗಿಕ ಕಿರುಕುಳವಾದರೆ 2012ರ ಪೋಕ್ಸೊ ಕಾಯ್ದೆ ಗಂಡುಮಕ್ಕಳಿಗೂ ಅಷ್ಟೇ ಅನ್ವಯ. ಮಕ್ಕಳ ಸಹಾಯವಾಣಿ 1098 ಅವನಿಗೆ ಬಾಯಿಪಾಠವಿರಲಿ. ಬಹುಶಃ ನಿಮ್ಮ ಮಗನಿಗೆ ಇದ್ಯಾವುದೂ ಇಲ್ಲ. ಐದು ಕಡೆ ಉತ್ಸಾಹದಿಂದ ಓಡಾಡುವ ಹುಡುಗ ಸಾಮಾನ್ಯವಾಗಿ ಖುಷಿಯಾಗಿಯೇ ಇರುತ್ತಾನೆ. ಆದರೂ ಕೇಳದೆ ಬಿಡಬೇಡಿ.

ಹತ್ತಕ್ಕೆ ಶಾಲೆ ಬದಲಿಸುವ ಪ್ರಶ್ನೆಗೆ ನನ್ನ ಉತ್ತರ ಬೇಡ ಎಂದೇ. ಈಗಷ್ಟೇ ಒಂದು ಮಾಧ್ಯಮ, ಒಂದು ಊರು, ಒಂದು ಹಾಸ್ಟೆಲ್ ಬದಲಾಗಿದೆ. ಎಸ್ಸೆಸ್ಸೆಲ್ಸಿಯ 625 ಅಂಕಗಳಲ್ಲಿ ಪ್ರಥಮ ಭಾಷೆಗೆ 25, ಉಳಿದ ಐದು ವಿಷಯಗಳಿಗೆ ತಲಾ 20ರಂತೆ ಆಂತರಿಕ ಅಂಕ ಶಾಲೆಯ ಕೈಯಲ್ಲಿವೆ. ಅವನನ್ನು ಬಲ್ಲ ಶಿಕ್ಷಕರು, ಅವನು ಬಲ್ಲ ಶಿಕ್ಷಕರು ಇರುವ ಕಡೆಯೇ ಆ ವರ್ಷ ಕಳೆಯಲಿ. ಬದಲಾವಣೆ ಬೇಕೇ ಬೇಕೆಂದರೆ ಪಿಯುಸಿಗೆ ಹೇಗೂ ಬರುತ್ತದೆ. ‘ಪಾಸಿಂಗ್ ಪ್ಯಾಕೇಜ್’ (ಪಾಸಾಗಲು ಸಾಕಾಗುವಷ್ಟೇ ಆಯ್ದ ಪಾಠ, ಪ್ರಶ್ನೆ) ಮಾಡಿ ಓದಿಸುವ ಶಾಲೆಗಳ ಜಾಹೀರಾತು ನೋಡಿ ಮರುಳಾಗಬೇಡಿ. ಅದು ಫೇಲಾಗುವ ಭಯ ಇರುವವರಿಗೆ ಮಾಡಿದ್ದು, ನಿಮ್ಮ ಮಗನಿಗಲ್ಲ.

ಅದರ ಬದಲು ಹತ್ತು ಶುರುವಾಗುವ ಮೊದಲು ಗಣಿತದ ಎರಡು ಕಡೆ ರಿಪೇರಿ ಆಗಬೇಕು: ಬಹುಪದೋಕ್ತಿಗಳ ಅಪವರ್ತನ ಮತ್ತು ತ್ರಿಭುಜಗಳ ಸರ್ವಸಮತೆ. ಹತ್ತರ ವರ್ಗ ಸಮೀಕರಣ ನಿಂತಿರುವುದು ಮೊದಲನೆಯದರ ಮೇಲೆ, ಸಮರೂಪ ತ್ರಿಭುಜಗಳ ಪ್ರಮೇಯಗಳು ಎರಡನೆಯದರ ಮೇಲೆ. ಮುಂದಿನ ಪೋಷಕರ ಸಭೆಗೆ ಹೋದಾಗ ಅಂಕಪಟ್ಟಿಗೆ ಸಹಿ ಹಾಕಿ ಬರಬೇಡಿ. ಗಣಿತದ ಉತ್ತರಪತ್ರಿಕೆ ತರಿಸಿಕೊಂಡು, ಮಗನನ್ನೂ ಪಕ್ಕದಲ್ಲಿ ಕೂರಿಸಿಕೊಂಡು, ಈ ಎರಡು ಪಾಠಗಳಲ್ಲಿ ಹೋದ ಅಂಕ ಎಷ್ಟು ಎಂದು ಶಿಕ್ಷಕರ ಎದುರೇ ಎಣಿಸಿ. ಬೇಸಿಗೆ ರಜೆಯಲ್ಲಿ ಊರಲ್ಲಿ ಟ್ಯೂಷನ್ ಬೇಕೋ ಬೇಡವೋ ಅನ್ನುವುದು ಅಲ್ಲೇ ತಿಳಿಯುತ್ತದೆ.